ಕೆಲಸ ಮಾಡಿದವಳ ಹೆಸರು ಮೊದಲು ಬರೆಯಿರಿ

ನನ್ನ ತಂಡದ ಎಂಜಿನಿಯರುಗಳು ಬೇರೆ ಬೇರೆ ದೇಶದವರು. ಹೆಣ್ಣುಮಕ್ಕಳನ್ನು ಮುಂದೆ ತರಬೇಕು ಎಂದು ಎಲ್ಲರೂ ಹೇಳುತ್ತಾರೆ, ಮಹಿಳಾ ದಿನದಂದು ಕೇಕ್ ಕತ್ತರಿಸಿ ಮರೆತುಬಿಡುತ್ತಾರೆ. ತಂಡ ನಡೆಸುವ ನೀವು ಮೊದಲು ವಾರದ ವರದಿ ತೆಗೆದು ನೋಡಿ. ಯಾರ ಕೆಲಸ ಯಾರ ಹೆಸರಿನಲ್ಲಿದೆ?

1967ರಲ್ಲಿ ರೇಡಿಯೋ ದೂರದರ್ಶಕದ ಚಾರ್ಟ್ ಕಾಗದದ ಗೆರೆಗಳಲ್ಲಿ ಪಲ್ಸಾರಿನ, ಅಂದರೆ ಮಿಡಿತದಂತೆ ರೇಡಿಯೋ ಅಲೆ ಕಳಿಸುವ ನಕ್ಷತ್ರದ, ಸುಳಿವು ಹಿಡಿದವರು ಜೋಸೆಲಿನ್ ಬೆಲ್. ಆಗಿನ್ನೂ ಪಿಎಚ್‌ಡಿ ವಿದ್ಯಾರ್ಥಿನಿ. 1974ರಲ್ಲಿ ಆ ಶೋಧಕ್ಕೆ ನೊಬೆಲ್ ಬಂದಿದ್ದು ಅವರ ಮಾರ್ಗದರ್ಶಕರಿಗೆ. ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ ಅವರ ಊಹೆಯನ್ನು ಪ್ರಯೋಗ ಮಾಡಿ ತೋರಿಸಿದವರು ಚಿಯೆನ್-ಶಿಯುಂಗ್ ವೂ. ಆ ಇಬ್ಬರಿಗೆ ಬಂದ 1957ರ ನೊಬೆಲ್‌ನಲ್ಲಿ ಅವರಿಗೂ ಪಾಲಿರಲಿಲ್ಲ.

ನೊಬೆಲ್ ನಮ್ಮ ಕೈಲಿಲ್ಲ, ಅಲ್ವಾ? ವರದಿ ಇದೆ. 'ತಂಡ ದೋಷ ಸರಿಪಡಿಸಿತು' ಎಂದು ಬರೆಯಬೇಡಿ. ಹುಡುಕಿದ್ದು ಯಾರು, ಸರಿಪಡಿಸಿದ್ದು ಯಾರು, ಹೆಸರು ಹಾಕಿ. ಬಡ್ತಿಯ ಚರ್ಚೆ ನಡೆಯುವಾಗ ಕೆಲಸ ಮಾಡಿದಾಕೆ ಅಲ್ಲಿರುವುದಿಲ್ಲ. ಆಗ ನೀವು ತೆಗೆದು ತೋರಿಸಬೇಕಾದದ್ದು ಈ ಸಾಲುಗಳನ್ನೇ.

ತನ್ನ ಕೆಲಸವನ್ನೂ 'ನಾವು ಮಾಡಿದೆವು' ಎಂದೇ ಬರೆಯುವವರಿದ್ದಾರೆ. ಅವರು ಬೆಳೆದು ಬಂದ ರೀತಿ ಅದು. ತಿದ್ದಲು ಹೋಗಬೇಡಿ. 'ಇದರಲ್ಲಿ ನಿಮ್ಮ ಭಾಗ ಯಾವುದು?' ಎಂದು ಕೇಳಿ, ನೀವೇ ಬರೆದುಕೊಳ್ಳಿ. ಎಲ್ಲರೆದುರು ಹೊಗಳಿದರೆ ಮುಜುಗರಪಡುವವರೂ ಇರುತ್ತಾರೆ. ಚಪ್ಪಾಳೆ ಬೇಕೇ ಬೇಡವೇ ಎಂಬುದು ಅವರಿಷ್ಟ, ದಾಖಲೆ ಮಾತ್ರ ಬೇಕೇ ಬೇಕು.

ಮೀಟಿಂಗಿನಲ್ಲಿ ಸುಮ್ನೆ ಕೂತವರಿಗೆ 'ಧೈರ್ಯವಾಗಿ ಮಾತಾಡಿ' ಎಂಬ ಉಪದೇಶ ಬೇಡ. ಹಿರಿಯರ ಮಾತಿಗೆ ಅಡ್ಡ ಬಾಯಿ ಹಾಕಬಾರದು ಎಂದು ಕಲಿತವರಿಗೆ ಅದರಿಂದ ಉಪಯೋಗವಿಲ್ಲ. ಪ್ರಶ್ನೆಗಳನ್ನು ಹಿಂದಿನ ದಿನವೇ ಕಳಿಸಿ. ಬರೆದು ಕಳಿಸಿದ ಉತ್ತರಗಳಿಂದಲೇ ಚರ್ಚೆ ಶುರು ಮಾಡಿ. ಮಿನಿಟ್ಸ್ ಬರೆಯುವ ಕೆಲಸ ಎಲ್ಲಿ ಹೋದರೂ ಹೆಂಗಸರ ತಲೆಗೇ ಬೀಳುವುದು ಜಾಸ್ತಿ. ಸರದಿ ಹಾಕಿ.

ನೇಮಕಾತಿಯ ಸಮಿತಿಯಲ್ಲಿ ಹೆಂಗಸರನ್ನೇ ಕೂರಿಸಿದರೆ ಸಾಕು ಎಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ ಒಂದೇ ಅರ್ಜಿಯನ್ನು ವಿಜ್ಞಾನದ ಪ್ರಾಧ್ಯಾಪಕರಲ್ಲಿ ಕೆಲವರಿಗೆ ಗಂಡು ಹೆಸರಿನಲ್ಲಿ, ಉಳಿದವರಿಗೆ ಹೆಣ್ಣು ಹೆಸರಿನಲ್ಲಿ ಕಳಿಸಿದರು. ಗಂಡು ಹೆಸರಿಗೇ ಹೆಚ್ಚು ಅಂಕ, ಹೆಚ್ಚು ಸಂಬಳ. ಮಹಿಳಾ ಪ್ರಾಧ್ಯಾಪಕರೂ ಹಾಗೇ ಮಾಡಿದ್ದರು! ಹಾಗಾಗಿ ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಅರ್ಜಿ ತೆರೆಯುವ ಮೊದಲೇ ಬರೆದಿಡಿ.

ಇನ್ನು, 'ಮಗು ಚಿಕ್ಕದು, ಪಾಪ, ಸಮ್ಮೇಳನಕ್ಕೆ ಕಳಿಸೋದು ಬೇಡ' ಎಂಬ ಕನಿಕರ. ಬೈಗುಳಕ್ಕಿಂತ ಹೆಚ್ಚು ಹಾಳು ಮಾಡುವುದು ಇದೇ. ಎಷ್ಟು ದಿನ, ಖರ್ಚು ಯಾರದು, ಮಗುವನ್ನು ಕರೆತರಬಹುದೇ ಎಂಬುದನ್ನೆಲ್ಲ ಹೇಳಿ, ತೀರ್ಮಾನ ಅವರಿಗೆ ಬಿಡಿ. ಒಮ್ಮೆ ಆಗಲ್ಲ ಎಂದವರನ್ನು ಮುಂದಿನ ಸಲದ ಪಟ್ಟಿಯಿಂದ ತೆಗೆಯಬೇಡಿ.