4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ನುಂಗಿದ ರ್ಯಾಮ್ ಕಕ್ಕಿಸಿದ್ದು

ಹಾರ್ಡ್‌ವೇರ್ ರಿಸರ್ವ್ಡ್, 1.1 ಜಿಬಿ. ನಮ್ಮ ಅಂಗಡಿಯ ಲ್ಯಾಪ್‌ಟಾಪ್‌ನ ಟಾಸ್ಕ್ ಮ್ಯಾನೇಜರ್ ಮೊದಲು ತೋರಿಸುತ್ತಿದ್ದದ್ದು ಇದು. ಅಂದರೆ ವಿಂಡೋಸ್‌ಗೆ ಸಿಗದಂತೆ, ಹೆಚ್ಚಿನ ಪಾಲು ಗ್ರಾಫಿಕ್ಸ್‌ಗೆಂದು, ಬದಿಗಿಟ್ಟ ರ್ಯಾಮ್. ಒಟ್ಟು ರ್ಯಾಮ್ ಇರುವುದೇ 4 ಜಿಬಿ. ಈಗ ಅದೇ ಜಾಗದಲ್ಲಿ 200 ಎಂಬಿ ಆಸುಪಾಸು ಕಾಣುತ್ತದೆ. ಇದಕ್ಕಾಗಿ ಒಂದು ರೂಪಾಯಿಯ ಬಿಡಿಭಾಗ ಹಾಕಿಲ್ಲ. ಇದೆಲ್ಲ ಆಗುವ ಕೆಲಸವಲ್ಲ ಎಂದವರು ಮೂರ್ನಾಲ್ಕು ಜನ ಇದ್ದಾರೆ. ಅದರಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಭಾವನೂ ಒಬ್ಬರು. ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಉಡುಪಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಬ್ರಹ್ಮಕಲಶೋತ್ಸವದ ಆಮಂತ್ರಣ, ನೇಮದ (ಭೂತಾರಾಧನೆಯ) ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ನಡುನಡುವೆ ಆನ್‌ಲೈನ್ ಅರ್ಜಿ. ಪೇಜ್‌ಮೇಕರ್, ನುಡಿ, ಫೋಟೋಶಾಪ್, ಕ್ರೋಮ್ ಎಲ್ಲವೂ ಒಟ್ಟಿಗೆ ತೆರೆದಿರಬೇಕು. ಲ್ಯಾಪ್‌ಟಾಪ್ ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೊರಟಿದ್ದ ಹುಡುಗನದು. ಹನ್ನೊಂದು ಸಾವಿರ ಕೊಟ್ಟ ನೆನಪು. ಎಎಂಡಿ ಅಥ್ಲಾನ್ ಸಿಲ್ವರ್ 3050ಯು, ಎರಡೇ ಕೋರ್. ಎಸ್‌ಎಸ್‌ಡಿ ಉಂಟು, ಪರವಾಗಿಲ್ಲ. ಆದರೆ ರ್ಯಾಮ್ ಬೋರ್ಡಿಗೇ ಬೆಸುಗೆ. ಸ್ಲಾಟ್ ಇಲ್ಲ.

ಫೆಬ್ರವರಿಯಿಂದ ಮೇ ತನಕ ನಮಗೆ ಸೀಸನ್. ಹನ್ನೆರಡು ಇಂಟು ಹದಿನೆಂಟು ಇಂಚಿನ ಶೀಟಿನ ಫೈಲ್ ತೆರೆದು ಕ್ರೋಮ್‌ಗೆ ಹೋದರೆ ಮುಗಿಯಿತು, ಮೌಸ್ ಕೂಡ ಅಲುಗಾಡುತ್ತಿರಲಿಲ್ಲ. ಗಿರಾಕಿ ಎದುರು ಕೂತು ಗಡಿಯಾರ ನೋಡುತ್ತಾರೆ. ಮಂಗಳೂರಿಗೆ ಹೋದಾಗ ಹಂಪನಕಟ್ಟೆ ಕಡೆಯ ಒಂದು ಸರ್ವಿಸ್ ಅಂಗಡಿಯಲ್ಲಿ ವಿಚಾರಿಸಿದೆ. ಚಿಪ್ ಕಿತ್ತು ಬೇರೆ ಕೂರಿಸಲು ಆರು ಸಾವಿರದ ಮೇಲೆ, ಅದಕ್ಕೂ ಗ್ಯಾರಂಟಿ ಇಲ್ಲ. "ಸುಮ್ನೆ ಹೊಸದು ತಗೊಳ್ಳಿ ಮಾರಾಯ್ರೆ, ಇದಕ್ಕೆ ಯಾಕೆ ದುಡ್ಡು ಹಾಕ್ತೀರಿ?" ಎಂದರು. ಹೊಸದಕ್ಕೆ ಮೂವತ್ತೈದು ಸಾವಿರ. ಐನೂರು ಕಾರ್ಡಿನ ಒಂದು ಆರ್ಡರ್‌ನಲ್ಲಿ ಖರ್ಚು ಕಳೆದು ನನಗೆ ಉಳಿಯುವುದು ಸಾವಿರ, ಸಾವಿರದ ಇನ್ನೂರು. ಲೆಕ್ಕ ಹಾಕಿ ಎದ್ದು ಬಂದೆ.

ಎಲ್ಲರೂ ಹೇಳುವ ಮದ್ದುಗಳನ್ನೆಲ್ಲ ಹಾಕಿ ನೋಡಿದ್ದೇನೆ. ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಇರುವ ಎಂಎಸ್‌ಕಾನ್ಫಿಗ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿ ಟಿಕ್ ತೆಗೆಯುವುದು ಮೊದಲನೆಯದು. ನನ್ನಲ್ಲಿ ಆ ಟಿಕ್ ಇರಲೇ ಇಲ್ಲ, ತೆಗೆಯುವುದು ಎಂತದ್ದು? ರ್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಪೇಜ್‌ಫೈಲ್ ದೊಡ್ಡದು ಮಾಡಿದೆ. ಹ್ಯಾಂಗ್ ಆಗುವುದು ಸ್ವಲ್ಪ ತಡವಾಯಿತು, ಅಷ್ಟೆ. ಟ್ರಾನ್ಸ್‌ಪರೆನ್ಸಿ, ಅನಿಮೇಷನ್ ಎಲ್ಲ ಬಂದ್ ಮಾಡಿದೆ. ಹೊರಗಿನ ಮಾನಿಟರ್‌ನ ರೆಸಲ್ಯೂಷನ್ ಇಳಿಸಿದೆ. 1920×1080ರ ಒಂದು ಫ್ರೇಮ್‌ಗೆ ಸುಮಾರು 8 ಎಂಬಿ, 1366×768ಕ್ಕೆ 4 ಎಂಬಿ. ಲೆಕ್ಕ ಚೆಂದ ಉಂಟು, ಆದರೆ ಅನುಭವಕ್ಕೆ ಸೊನ್ನೆ. ಕಣ್ಣು ನೋವು ಮಾತ್ರ ಜಾಸ್ತಿಯಾಯಿತು.

ದಾರಿ ಸಿಕ್ಕಿದ್ದು ವಿಂಡೋಸ್ ಬದಲಿಗೆ ಓಡುವ ಲಿನಕ್ಸ್‌ನಿಂದ. ಪೆನ್‌ಡ್ರೈವ್‌ನಲ್ಲಿ ಮಿಂಟ್ ಎಂಬ ಲಿನಕ್ಸ್ ಹಾಕಿ ಬೂಟ್ ಮಾಡಿದೆ. ವಿಂಡೋಸ್ ಬಿಡುವ ಯೋಚನೆ ಇರಲಿಲ್ಲ, ನುಡಿ ಮತ್ತು ಪೇಜ್‌ಮೇಕರ್ ಬಿಟ್ಟು ನನಗೆ ಅನ್ನ ಇಲ್ಲ. ಅಲ್ಲಿ ರೇಡಿಯಾನ್‌ಟಾಪ್ ಎಂಬ ಸಣ್ಣ ಪ್ರೋಗ್ರಾಂ ಓಡಿಸಿದೆ. ಗ್ರಾಫಿಕ್ಸ್‌ಗೆಂದು ತೆಗೆದಿಟ್ಟದ್ದು 1024 ಎಂಬಿ. ಬ್ರೌಸರ್ ತೆರೆದು, ನಾಲ್ಕಾರು ಕಿಟಕಿ ಬಿಡಿಸಿಟ್ಟರೂ ನಿಜವಾಗಿ ಬಳಸುತ್ತಿದ್ದದ್ದು 150 ಎಂಬಿ ಆಸುಪಾಸು. ಸಿಟಿ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದು, ಹತ್ತದೇ ಇದ್ದ ಹಾಗೆ. ಉಳಿದ ಎಂಟುನೂರು ಚಿಲ್ಲರೆ ಎಂಬಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಅದೇ ಪರದೆಯಲ್ಲಿ ಜಿಟಿಟಿ ಎಂಬ ಇನ್ನೊಂದು ಸಾಲು ಇತ್ತು. ನಾನು ಹಿಡಿದುಕೊಂಡದ್ದು ಅದನ್ನು. ಮೀಸಲು ಜಾಗ ಸಾಲದಿದ್ದರೆ, ಗ್ರಾಫಿಕ್ಸ್ ಚಿಪ್ ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಸಾಮಾನ್ಯ ರ್ಯಾಮ್‌ನಿಂದಲೇ ಬೇಕಾದಷ್ಟು ಎತ್ತಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಬಿಡುತ್ತದೆ. ವಿಂಡೋಸ್‌ನಲ್ಲಿ ಶೇರ್ಡ್ ಜಿಪಿಯು ಮೆಮೊರಿ ಎಂದು ಕಾಣುವುದೂ ಇದೇ. ಅಂದರೆ ಮೀಸಲು ಕಡಿಮೆ ಮಾಡಿದರೆ ಗ್ರಾಫಿಕ್ಸ್ ಸಾಯುವುದಿಲ್ಲ. ಭಾವ ಇದನ್ನು ಒಪ್ಪಲಿಲ್ಲ. "ವಿಆರ್‌ಎಎಂ ಇಳಿಸಿದ್ರೆ ಇನ್ನೂ ಸ್ಲೋ ಆಗ್ತದೆ, ನೋಡಿ ಬೇಕಾದ್ರೆ" ಎಂದರು. ವಿಆರ್‌ಎಎಂ ಅಂದರೆ ಈ ಮೀಸಲೇ. ಗೇಮ್ ಆಡುವವರಿಗೆ ಆ ಮಾತು ಸರಿ ಇರಬಹುದು. ನಾನು ಆಡುವುದು ನೇಮದ ಕಾಗದದ ಜೊತೆ.

ಮುಂದಿನ ಗೋಡೆ ಬಯೋಸ್, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನದ್ದೇ ಸಾಫ್ಟ್‌ವೇರ್. ಗ್ರಾಫಿಕ್ಸ್‌ಗೆ ಎಷ್ಟು ಮೀಸಲು ಎಂದು ಹೇಳುವ ಯುಎಂಎ ಫ್ರೇಮ್ ಬಫರ್ ಸೈಜ್ ಎಂಬ ಆಯ್ಕೆಯನ್ನು ಇಂಥ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಮೆನುವಿನಲ್ಲಿ ತೋರಿಸುವುದೇ ಇಲ್ಲ. ಒಳಗೆ ಇರುತ್ತದೆ, ಬಾಗಿಲು ಮುಚ್ಚಿರುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದರೂ ಕಾಣಲಿಲ್ಲ. ಆ ಬಾಗಿಲು ತೆಗೆಯುವ ಒಂದು ಪೆನ್‌ಡ್ರೈವ್ ಸಾಧನ ಉಂಟು. ಹೆಸರು ಇಲ್ಲಿ ಬರೆಯುವುದಿಲ್ಲ. ಹುಡುಕುವವರಿಗೆ ಸಿಗುತ್ತದೆ. ಪಕ್ಕದ ಸಾಲಿನಲ್ಲೇ ಮೆಮೊರಿ ವೋಲ್ಟೇಜ್, ಟೈಮಿಂಗ್ ಎಲ್ಲ ಇರುತ್ತದೆ, ಅಲ್ಲಿ ಕೈಯಾಡಿಸಿದರೆ ಬೋರ್ಡ್ ಕಲ್ಲಾಗುತ್ತದೆ. ಮತ್ತೆ ನನ್ನನ್ನು ಬೈಯಬೇಡಿ.

ಮುಟ್ಟುವ ಮೊದಲು ಎರಡು ಕೆಲಸ ಮಾಡಿಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದ್ದರೆ ತಡೆದು ನಿಲ್ಲಿಸಿ, ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಬಯೋಸ್ ಬದಲಾದದ್ದು ಗೊತ್ತಾದರೆ ವಿಂಡೋಸ್ ಆ ಕೀ ಕೇಳಬಹುದು. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಕೀ ಹಳೆಯ ಯಜಮಾನನ ಅಕೌಂಟಿನಲ್ಲಿ ಕೂತಿರುತ್ತದೆ, ಅವನು ಯಾವ ಊರಿನಲ್ಲೋ! ಇನ್ನೊಂದು, ಬ್ಯಾಟರಿ ತುಂಬಿಸಿ ಚಾರ್ಜರ್ ಹಾಕಿಯೇ ಕೂರಿ. ನಾನು ಮಾಡಿದ್ದು ಜೂನ್‌ನಲ್ಲಿ, ನಮ್ಮ ಕಡೆಯ ಮಳೆಗೆ ಕರೆಂಟಿನ ಭರವಸೆ ಇಲ್ಲ.

ಮೊದಲು 64 ಎಂಬಿ ಇಟ್ಟೆ, ಆಸೆ ಅಲ್ವಾ? ವಿಂಡೋಸ್ ಬಂತು, ಆದರೆ ಎಚ್‌ಡಿಎಂಐ ಮಾನಿಟರ್ ಆಗಾಗ ಕಪ್ಪಾಗಿ ಮತ್ತೆ ಬರುತ್ತಿತ್ತು. 128ಕ್ಕೆ ಏರಿಸಿದೆ. ಅಲ್ಲಿಂದ ಇಂದಿನ ತನಕ ಒಂದು ಮಿನುಗು ಇಲ್ಲ. ಫೋಟೋಶಾಪ್‌ನಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಸುವ ಟಿಕ್ ತೆಗೆದಿದ್ದೇನೆ. ಕಾರ್ಡಿನ ಕೆಲಸಕ್ಕೆ ಅದು ಬೇಡ.

ಮೀಸಲು ಹೋಯಿತು, ಇನ್ನು ಡ್ರೈವರ್‌ನ ಪರಿವಾರ. ಎಎಂಡಿ ಸಾಫ್ಟ್‌ವೇರ್ ಪೂರ್ತಿ ಹಾಕಿದರೆ ಅದರ ಜೊತೆ ರೆಕಾರ್ಡಿಂಗ್, ಸ್ಟ್ರೀಮಿಂಗ್ ನೋಡಿಕೊಳ್ಳುವ ಪ್ರೋಸೆಸ್‌ಗಳೂ ಹಿಂದೆ ಕೂರುತ್ತವೆ. ನನ್ನಲ್ಲಿ ಎಲ್ಲ ಸೇರಿ ಇನ್ನೂರು ಎಂಬಿ ಹತ್ತಿರ ತಿನ್ನುತ್ತಿದ್ದವು. ನೆಟ್ ಕಿತ್ತು, ಸೇಫ್ ಮೋಡ್‌ಗೆ ಹೋಗಿ, ಡ್ರೈವರ್ ಕಿತ್ತು ಹಾಕುವ ಡಿಡಿಯು ಎಂಬ ಪ್ರೋಗ್ರಾಂ ಓಡಿಸಿ ಬುಡಸಮೇತ ತೆಗೆದೆ. ಮತ್ತೆ ಹಾಕುವಾಗ ಇನ್‌ಸ್ಟಾಲರ್‌ನಲ್ಲಿ ಡ್ರೈವರ್ ಓನ್ಲಿ ಆರಿಸಿದೆ. ಎರಡು ದಿನ ಆರಾಮ. ಆಮೇಲೆ ವಿಂಡೋಸ್ ಅಪ್‌ಡೇಟ್ ತನ್ನ ಡ್ರೈವರ್ ತಂದು ಮೇಲೆ ಹಾಕಿತು, ಪರಿವಾರವೂ ವಾಪಸ್. ಮತ್ತೆ ಮೊದಲಿನಿಂದ. ಈ ಸಲ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್‌ನಲ್ಲಿ ನೋ ಕೊಟ್ಟೆ. ಅದರ ಜೊತೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ, ಅಪ್‌ಡೇಟ್ ಜೊತೆ ಡ್ರೈವರ್ ಬರದಂತೆ ತಡೆಯುವ ಪಾಲಿಸಿಯನ್ನೂ ಹಾಕಿದೆ. ವಿಂಡೋಸ್ ಹೋಮ್ ಎಡಿಷನ್‌ನಲ್ಲಿ ಪಾಲಿಸಿ ಬದಲಿಸುವ ಜಿಪಿಎಡಿಟ್ ಇಲ್ಲ, ಅದಕ್ಕೆ ಈ ಸುತ್ತು ದಾರಿ. ಆಮೇಲೆ ತಂಟೆ ಇಲ್ಲ.

ಬ್ರೌಸರ್ ಕಥೆ ಬೇರೆ. ಕ್ರೋಮ್‌ನಲ್ಲಿ ಶಿಫ್ಟ್ ಎಸ್ಕೇಪ್ ಒತ್ತಿದರೆ ಅದರದ್ದೇ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಜಿಪಿಯು ಪ್ರೋಸೆಸ್ ಒಂದೇ ಮುನ್ನೂರು ಎಂಬಿ ತೋರಿಸುತ್ತಿತ್ತು. ಪುಟ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಕೊಡುವ ಗ್ರಾಫಿಕ್ಸ್ ಆಕ್ಸಿಲರೇಷನ್ ಬಂದ್ ಮಾಡಿದೆ, ನೂರರ ಸುತ್ತ ಇಳಿಯಿತು. ಆದರೆ ಯೂಟ್ಯೂಬ್ ಹಾಕಿದರೆ ಸಿಪಿಯು ನೂರಕ್ಕೆ ನೂರು, ಫ್ಯಾನ್ ಚೆಂಡೆ ಬಾರಿಸುತ್ತದೆ. ಈಗ ಅರ್ಜಿ ತುಂಬಲು ಆಕ್ಸಿಲರೇಷನ್ ಇಲ್ಲದ ಕ್ರೋಮ್, ವೀಡಿಯೊಗೆ ಆಕ್ಸಿಲರೇಷನ್ ಇರುವ ಫೈರ್‌ಫಾಕ್ಸ್. ಎರಡನ್ನೂ ಒಟ್ಟಿಗೆ ತೆರೆಯುವುದಿಲ್ಲ. ಕೆಲಸಕ್ಕೆ ಬಂದ ಹುಡುಗಿಗೆ ಇದನ್ನು ಅಭ್ಯಾಸ ಮಾಡಿಸಿದ್ದೇ ದೊಡ್ಡ ಸಾಹಸ.

ಮೊದಲು ಬೂಟ್ ಆದ ಮೇಲೆ ಆರೇಳುನೂರು ಎಂಬಿ ಖಾಲಿ ಇರುತ್ತಿತ್ತು. ಈಗ 1.7, ಒಮ್ಮೊಮ್ಮೆ 1.8 ಜಿಬಿ. ಹೋದ ಸೀಸನ್ ಪೂರ್ತಿ ಇದರಲ್ಲೇ ಎಳೆದೆ. ಭಾವ ಊರಿಗೆ ಬಂದಾಗ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದು ಎಷ್ಟು ದಿನ ಬರ್ತದೆ?" ಎಂದರು. ಈಗ ಮಣಿಪಾಲದ ಮಕ್ಕಳು ತಂದು ಕೊಡುತ್ತಾರೆ, ಐನೂರು ತಗೊಳ್ಳುತ್ತೇನೆ. ಮೀಸಲು ಇಳಿಸಿದ ಮೇಲೂ ಇನ್ನೊಂದು ನೂರು ಎಂಬಿ ಬಿಡಿಸುವ ಒಂದು ಉಪಾಯ ಉಂಟು. ಅದು ಆ ಐನೂರರಲ್ಲಿ ಸೇರಿದ್ದು, ಇಲ್ಲಿ ಹೇಳುವುದಿಲ್ಲ.

ಇಂಟೆಲ್ ಸೆಲೆರಾನ್ ಇಟ್ಟುಕೊಂಡವರು ಬಯೋಸ್‌ಗೆ ಕೈ ಹಾಕಬೇಡಿ. ಅಲ್ಲಿ ಡಿವಿಎಂಟಿ ಎಂಬ ಗ್ರಾಫಿಕ್ಸ್ ಮೀಸಲು ಸಾಮಾನ್ಯವಾಗಿ 32 ಅಥವಾ 64 ಎಂಬಿಯಷ್ಟೇ ಇರುತ್ತದೆ, ಉಳಿಸಲು ಏನಿಲ್ಲ. ಡೆಡಿಕೇಟೆಡ್ ಸೆಗ್‌ಮೆಂಟ್ ಸೈಜ್ ಎಂಬ ರಿಜಿಸ್ಟ್ರಿ ಮಂತ್ರವನ್ನು ಹಲವರು ಹೇಳುತ್ತಾರೆ. ನನ್ನ ಎರಡನೇ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದೆ. ತೋರಿಸುವ ಅಂಕಿ ಮಾತ್ರ ಬದಲಾಗುತ್ತದೆ, ಗೇಮ್‌ಗಳನ್ನು ನಂಬಿಸಲಿಕ್ಕೆ. ಇಂಟೆಲ್‌ನಲ್ಲಿ ಸ್ಟಾರ್ಟ್‌ಅಪ್‌ನಿಂದ ಟ್ರೇ ಪ್ರೋಗ್ರಾಂ ತೆಗೆಯಿರಿ, ಬ್ರೌಸರ್ ಸರಿ ಮಾಡಿ. ಸ್ಲಾಟ್ ಇದ್ದರೆ ಎರಡು ಸಾವಿರದೊಳಗೆ ಸಿಕ್ಕಿದ ಹಳೆಯ ರ್ಯಾಮ್ ಹಾಕಿಬಿಡಿ.