ಈ ಮಕ್ಕಳ ಅಪ್ಪ ಅಮ್ಮ ಎಲ್ಲಿ ಹೋದರು?

ಸಾಹಸದ ಕಾದಂಬರಿ ಕೈಗೆ ಸಿಕ್ಕ ಕೂಡಲೇ ನನಗೆ ಏಳುವ ಮೊದಲ ಪ್ರಶ್ನೆ, ಈ ಮಕ್ಕಳ ಅಪ್ಪ ಅಮ್ಮ ಎಲ್ಲಿ ಅನ್ನುವುದು. ಅವರು ಮನೆಯಲ್ಲೇ ಇದ್ದರೆ ಹುಡುಗ ಹಡಗು ಹತ್ತುವುದು ಹೇಗೆ? ಕತ್ತಲಾಗುವ ಮೊದಲೇ ಕೂಗಿ ಕರೀತಾರೆ, ಕತೆ ಅಲ್ಲಿಗೇ ಮುಗೀತು. ಹಾಗಾಗಿ ಮಕ್ಕಳ ಸಾಹಸ ಬರೆಯುವವರು ಮೊದಲು ದೊಡ್ಡವರನ್ನು ಸಾಗಹಾಕಬೇಕು. ಆ ಕೆಲಸ ಎಷ್ಟು ನೀಟಾಗಿ ಆಗಿದೆ ಅಂತ ನೋಡಿಯೇ ನಾನು ಪುಸ್ತಕಕ್ಕೆ ಬೆಲೆ ಕಟ್ಟುತ್ತೇನೆ.

ಇದಕ್ಕೆ ನನ್ನದೇ ಒಂದು ದಾರಿ ಇದೆ. ಅಪ್ಪ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಖಾಲಿ ಹಾಳೆ ಉಳಿದ ಹಳೇ ಚೆಕ್‌ರೋಲ್ ಪುಸ್ತಕಗಳನ್ನು, ಅಂದರೆ ಆಳುಗಳ ಹಾಜರಿ ಪುಸ್ತಕಗಳನ್ನು, ನನಗೆ ತಂದುಕೊಡುತ್ತಾರೆ. ಎಡಗಡೆ ಆಳುಗಳ ಹೆಸರಿಗೆ ಜಾಗ, ಮೇಲೆ 1ರಿಂದ 31ರವರೆಗೆ ತಾರೀಕು, ನಡುವೆ ಸಣ್ಣ ಸಣ್ಣ ಮನೆಗಳು. ಆಳುಗಳ ಜಾಗದಲ್ಲಿ ನಾನು ಪಾತ್ರಗಳ ಹೆಸರು ಬರೆಯುತ್ತೇನೆ, ತಾರೀಕನ್ನು ಅಧ್ಯಾಯ ಅಂದುಕೊಳ್ಳುತ್ತೇನೆ. ಆ ಅಧ್ಯಾಯದಲ್ಲಿ ಬಂದವರಿಗೆ ಗೀಟು, ಬರದವರಿಗೆ ಸೊನ್ನೆ. ‘ಇವರಿಗೆಲ್ಲ ಬಟವಾಡೆ ಯಾವತ್ತು ಮಗಳೇ?’ ಅಂತ ಅಪ್ಪ ರೇಗಿಸುತ್ತಾರೆ.

ಹಾಳೆ ತುಂಬಿದ ಮೇಲೆ ಮಜಾ. 1937ರಲ್ಲಿ ಬಂದ ಟೋಲ್ಕಿನ್ ಅವರ ‘ದಿ ಹಾಬಿಟ್’ ತಗೊಳ್ಳಿ. 19 ಅಧ್ಯಾಯ. ಮಾಂತ್ರಿಕ ಗ್ಯಾಂಡಾಲ್ಫ್ ಮರ್ಕ್‌ವುಡ್ ಕಾಡಿನ ಅಂಚಿನವರೆಗೆ ಬಂದು, ಬೇರೆ ಕೆಲಸ ಇದೆ ಅಂತ ಹೊರಟುಬಿಡುತ್ತಾನೆ. ವಾಪಸ್ ಬರುವುದು ಯುದ್ಧದ ಹೊತ್ತಿಗೆ. ನಡುವೆ ಅವನ ಸಾಲಿನಲ್ಲಿ ಸೊನ್ನೆಯೋ ಸೊನ್ನೆ. ಕತೆಯ ನಾಯಕ ಬಿಲ್ಬೋನ ದೊಡ್ಡ ಕೆಲಸಗಳು ಹೆಚ್ಚಾಗಿ ಬೀಳುವುದು ಅಲ್ಲೇ. ಜೇಡಗಳ ಬಲೆಯಿಂದ ಜತೆಗಾರರಾದ ಕುಳ್ಳರನ್ನು ಬಿಡಿಸುತ್ತಾನೆ, ಪೀಪಾಯಿಗಳಲ್ಲಿ ತುಂಬಿ ಹೊಳೆಗೆ ಬಿಡುತ್ತಾನೆ, ಡ್ರ್ಯಾಗನ್ ಜತೆ ಮಾತಿಗಿಳಿಯುತ್ತಾನೆ. ಗ್ಯಾಂಡಾಲ್ಫ್ ಪಕ್ಕದಲ್ಲೇ ಇದ್ದಿದ್ದರೆ ಬಿಲ್ಬೋಗೆ ಏನು ಕೆಲಸ?

ಹ್ಯಾರಿ ಪಾಟರ್ ಮೊದಲ ಪುಸ್ತಕದಲ್ಲೂ ಅಷ್ಟೇ. ಕೊನೆಯ ಗಂಡಾಂತರದ ರಾತ್ರಿ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಲಂಡನ್‌ಗೆ ಹೋಗಿರುತ್ತಾರೆ. ಅದೂ ವೈರಿಯ ಉಪಾಯವೇ ಆದ್ದರಿಂದ ನನಗೆ ಒಪ್ಪಿಗೆ. ಮೂರನೇ ಪುಸ್ತಕದ ಕಾಲ ತಿರುಗಿಸುವ ಯಂತ್ರದ ಬಗ್ಗೆ ಮಾತ್ರ ನನ್ನ ತಕರಾರು ಇನ್ನೂ ಇದೆ. ಅಂಥದ್ದೊಂದು ಇದ್ದ ಮೇಲೆ ಪ್ರತಿ ಸಲ ಯಾಕೆ ಬಳಸಲ್ಲ? ಮುಂದಿನ ಪುಸ್ತಕದಲ್ಲಿ ಅಂಥ ಯಂತ್ರಗಳೆಲ್ಲ ಒಂದೇ ಗಲಾಟೆಯಲ್ಲಿ ಒಡೆದುಹೋಗುತ್ತವೆ. ಲೇಖಕಿಗೂ ಅದು ತಲೆನೋವಾಗಿತ್ತು ಅಂತ ನನ್ನ ಅನುಮಾನ.

ದೊಡ್ಡವರನ್ನು ದೂರ ಇಡುವುದರಲ್ಲಿ ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಕತೆಗಳ ಕಾರಣ ಗಟ್ಟಿ. ಯುದ್ಧದ ಕಾಲ, ಲಂಡನ್ ಮೇಲೆ ಬಾಂಬ್ ಬೀಳುತ್ತಿದೆ ಅಂತ ಮಕ್ಕಳನ್ನು ಹಳ್ಳಿಗಾಡಿನ ಪ್ರೊಫೆಸರ್ ಒಬ್ಬರ ಮನೆಗೆ ಕಳಿಸುತ್ತಾರೆ. ನಿಜಕ್ಕೂ ಆಗ ಎಷ್ಟೋ ಮಕ್ಕಳನ್ನು ಹಾಗೆ ಕಳಿಸಿದ್ದರು. ಅಂದಹಾಗೆ, ಆ ಏಳು ಪುಸ್ತಕಗಳನ್ನು ಬಂದ ಕ್ರಮದಲ್ಲೇ ಓದಿ, ಮಕ್ಕಳು ಬೀರುವಿನೊಳಗಿಂದ ನಾರ್ನಿಯಾ ಲೋಕಕ್ಕೆ ಹೋಗುವ 1950ರ ಕತೆಯಿಂದ. ಕತೆಯ ಕಾಲದ ಲೆಕ್ಕದಲ್ಲಿ ಮೊದಲು ಬರುವುದನ್ನು ಮೊದಲು ಓದಿದರೆ, ಹಿಮದ ನಡುವೆ ದೀಪದ ಕಂಬ ಯಾಕಿದೆ ಅಂತ ಮುಂಚೆಯೇ ಗೊತ್ತಾಗಿಬಿಡುತ್ತೆ. ಥ್ರಿಲ್ ಹೋಯ್ತು. ತಮ್ಮ ಇದನ್ನು ಒಪ್ಪಲ್ಲ, ಇರಲಿ.

ಇನ್ನು ಕೆಲವು ಪುಸ್ತಕಗಳಲ್ಲಿ ಅಪ್ಪ ಅಮ್ಮ ಎರಡನೇ ಅಧ್ಯಾಯದಲ್ಲಿ ತಿಂಡಿ ಕೊಟ್ಟು ಮಾಯ. ಮಕ್ಕಳು ವಾರಗಟ್ಟಲೆ ಗುಹೆಯಲ್ಲಿದ್ದರೂ ಯಾರೂ ಹುಡುಕಲ್ಲ. ಅಂಥವನ್ನು ಅರ್ಧಕ್ಕೇ ಬಿಡುತ್ತೇನೆ.

ನನಗೆ ತುಂಬಾ ಹಿಡಿಸಿದ್ದು ಸ್ಟೀವನ್‌ಸನ್ ಅವರ ‘ಟ್ರೆಷರ್ ಐಲ್ಯಾಂಡ್’. ಅವರು 1881ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಮಳೆ ಹಿಡಿದು ಮನೆಯೊಳಗೇ ಕೂತಿದ್ದಾಗ, ಮಲಮಗನ ಜತೆ ಬಣ್ಣ ಹಚ್ಚುತ್ತಾ ಒಂದು ದ್ವೀಪದ ನಕ್ಷೆ ಬರೆದರು. ಕತೆ ಹುಟ್ಟಿದ್ದು ಆ ನಕ್ಷೆಯಿಂದ. ಅದು ಪ್ರಕಾಶಕರಿಗೆ ಕಳಿಸುವಾಗ ಕಳೆದುಹೋಗಿ, ಕತೆಯನ್ನೇ ನೋಡಿಕೊಂಡು ಮತ್ತೆ ಬರೆಯಬೇಕಾಯಿತಂತೆ. ನಾನು ಇದನ್ನು ಓದಿದ್ದೂ ಜುಲೈನ ಮಳೆ ರಜೆಯಲ್ಲಿ, ಕರೆಂಟ್ ಇಲ್ಲದೆ, ಕಿಟಕಿ ಪಕ್ಕ.

ಇದರಲ್ಲಿ ದೊಡ್ಡವರು ಎಲ್ಲೂ ಹೋಗಲ್ಲ. ಕತೆಯ ಹುಡುಗ ಜಿಮ್‌ನ ಅಪ್ಪ ಕಾಯಿಲೆಯಿಂದ ತೀರಿಕೊಳ್ಳುತ್ತಾನೆ, ಅಮ್ಮ ಊರಲ್ಲೇ ಉಳಿಯುತ್ತಾಳೆ, ನಿಜ. ಆದರೆ ಡಾಕ್ಟರು, ಜಮೀನ್ದಾರರು, ಕ್ಯಾಪ್ಟನ್ ಎಲ್ಲರೂ ಹಡಗಿನಲ್ಲೇ ಇದ್ದಾರೆ. ಆದರೂ ಹಡಗಿನ ಆಳುಗಳ ಸಂಚು ತಿಳಿಯುವುದು ಹುಡುಗನಿಗೆ ಮಾತ್ರ. ಯಾಕೆ ಅಂದರೆ ಅವನಿಗೆ ಸೇಬು ತಿನ್ನುವ ಆಸೆ. ಪೀಪಾಯಿ ಬಹುತೇಕ ಖಾಲಿ, ಸೇಬು ಸಿಗಬೇಕಾದರೆ ಒಳಗೇ ಇಳಿಯಬೇಕು. ಇಳಿದು ಕೂತಿದ್ದಾಗ ಯಾರೋ ಧೊಪ್ಪನೆ ಬಂದು ಅದಕ್ಕೇ ಒರಗುತ್ತಾರೆ. ಪೀಪಾಯಿ ಅಲ್ಲಾಡುತ್ತೆ. ಎದ್ದು ಹೊರಗೆ ಹಾರಬೇಕು ಅನ್ನುವಷ್ಟರಲ್ಲಿ ಜಾನ್ ಸಿಲ್ವರ್‌ನ ದನಿ ಕೇಳುತ್ತೆ. ಅವತ್ತಿನವರೆಗೆ ಪ್ರೀತಿಯಿಂದ ಮಾತಾಡಿಸುತ್ತಿದ್ದ ಅಡುಗೆಯವನು! ಆ ಪೀಪಾಯಿಯೊಳಗೆ ದೊಡ್ಡವರು ಯಾರೂ ಹಿಡಿಸಲ್ಲ, ಅಲ್ವಾ? ಅಲ್ಲಿ ಹುಡುಗನೇ ಬೇಕು.

ಇಷ್ಟೆಲ್ಲ ಲೆಕ್ಕ ಹಾಕುತ್ತಿದ್ದವಳಿಗೆ ತೇಜಸ್ವಿಯವರ ‘ಕರ್ವಾಲೊ’ ತಲೆಕೆಳಗು ಮಾಡಿತು. 1980ರ ಈ ಕಾದಂಬರಿ ಶುರುವಾಗುವುದೇ ನಮ್ಮ ಮೂಡಿಗೆರೆಯಲ್ಲಿ, ಜೇನಿನ ಮಾತಿನಿಂದ. ಹೊರಡುವವರೆಲ್ಲ ದೊಡ್ಡವರೇ. ವಿಜ್ಞಾನಿ ಕರ್ವಾಲೊ, ತೋಟದವರು, ಅಡುಗೆಯ ಕರಿಯಪ್ಪ, ಜತೆಗೆ ಕಿವಿ ಅನ್ನುವ ನಾಯಿ. ಮಂತ್ರ ಇಲ್ಲ, ನಿಧಿ ಇಲ್ಲ, ಹುಡುಕುವುದು ಹಾರುವ ಓತಿಯನ್ನು. ದಾರಿ ಗೊತ್ತಿರುವವನು ಮಂದಣ್ಣ, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಮನುಷ್ಯ. ಅವನ ಬೆಲೆ ಕಂಡಿದ್ದು ಕರ್ವಾಲೊ ಒಬ್ಬರಿಗೇ. ಕೊನೆಗೆ ಓತಿ ಎಲ್ಲರ ಕಣ್ಣೆದುರೇ ಕಣಿವೆಗೆ ತೇಲಿ ಹೋಗುತ್ತೆ, ಬರಿಗೈ. ಮುಗಿಸಿದ ಮೇಲೆ ನಾನು ಎಷ್ಟೋ ದಿನ ಅಡಿಕೆ ಮರಗಳನ್ನು ನೋಡುತ್ತಾ ನಿಂತಿದ್ದೆ. ಸಣ್ಣ ಜಾತಿಯ ಹಾರುವ ಓತಿಗಳು ನಮ್ಮ ಕಡೆ ನಿಜವಾಗಿಯೂ ಇವೆ. ಪಕ್ಕೆಲುಬು ಬಿಡಿಸಿ, ಚರ್ಮ ಹರಡಿ ಮರದಿಂದ ಮರಕ್ಕೆ ತೇಲುತ್ತವೆ.

ಈಗ ನಾನೇ ಒಂದು ಕತೆ ಶುರು ಮಾಡಿದ್ದೇನೆ, ಚಾರ್ಮಾಡಿ ಘಾಟಿಯ ಕಾಡಿನದು. ಮೊಬೈಲ್ ದೊಡ್ಡ ತೊಂದರೆ ಅಂದುಕೊಂಡಿದ್ದೆ, ಆದರೆ ಕೊಟ್ಟಿಗೆಹಾರ ದಾಟಿಸಿ ಸಿಗ್ನಲ್ ತೆಗೆದುಬಿಟ್ಟೆ. ಅಪ್ಪನಿಗೆ ಕಾಫಿ ಕೊಯ್ಲು. ಅಮ್ಮನನ್ನು ಸಕಲೇಶಪುರಕ್ಕೆ ತವರಿಗೆ ಕಳಿಸಿದೆ. ಅಜ್ಜಿಯನ್ನು ಮಾತ್ರ ಎಲ್ಲಿಗೂ ಕಳಿಸೋಕೆ ಆಗ್ತಿಲ್ಲ. ‘ಕರ್ಕೊಂಡೇ ಹೋಗು’ ಅಂತಾನೆ ತಮ್ಮ. ಇಂಬಳ, ಅಂದರೆ ಕಾಡಿನ ಜಿಗಣೆ, ಹತ್ತದ ಹಾಗೆ ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚೋದು ಅವರಿಗೇ ಗೊತ್ತು. ಬಹುಶಃ ಕರ್ಕೊಂಡೇ ಹೋಗ್ತೀನಿ.