ದನದ ತೊಟ್ಟಿಯಿಂದ ಸಮುದ್ರದ ತನಕ: ನನ್ನ ಅನುಭವ

ನಾನು ಬೀದರ್ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ನೀರಿನ ಪಾಠವನ್ನು ಉಲ್ಟಾ ಮಾಡಿದೆ. ಮೊದಲು ಲೇಸರ್ ಬೆಳಕಿನಲ್ಲಿ ಒಂದು ಹನಿ, ಕೊನೆಗೆ ಭೂಮಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. "ಗ್ಲೋಬ್ ತೋರ್ಸ್ರಿ, ನೂರರಾಗ ಎಪ್ಪತ್ತೊಂದು ಪಾಲು ನೀರದ ಅಂತ ಬರೆಸ್ರಿ, ಮುಗೀತು. ತೊಟ್ಟಿ ನೀರು ತಂದು ಏನ್ ಮಾಡ್ತೀರಿ ಸರ್?" ಅಂದರು ಹಿರಿಯರೊಬ್ಬರು. ಈ ವರ್ಷ ಅವರೇ ಫೋನ್ ಮಾಡಿ, ಲೇಸರ್ ಎಲ್ಲಿ ಸಿಗ್ತದ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕತೆ. ನೀರಿನ ಜೀವಿ ತೋರಿಸಬೇಕೆಂದರೆ ಗಾಜಿನ ತೊಟ್ಟಿ ಬೇಕೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ತೊಟ್ಟಿ, ಪಂಪು, ಬಣ್ಣದ ಮೀನು ಎಲ್ಲಾ ಸೇರಿ ಎರಡೂವರೆ ಸಾವಿರದ ಹತ್ತಿರ ಆಯಿತು. ಶಾಲೆಯ ಅನುದಾನದಲ್ಲಿ ಇದಕ್ಕೆ ಬಿಲ್ ಹಾಕಲು ಬರಲ್ಲ ಅಂದರು. ನನ್ನ ಜೇಬಿನಿಂದಲೇ ಹೋಯಿತು. ಬೇಸಿಗೆ ಶುರುವಾಯಿತು, ಕರೆಂಟ್ ಕೈಕೊಟ್ಟಿತು, ಪಂಪು ನಿಂತಿತು. ಸೋಮವಾರ ಬೀಗ ತೆಗೆದರೆ ಮೀನೆಲ್ಲ ಮೇಲೆ ತೇಲುತ್ತಿದ್ದವು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಇದ್ದರೆ, 35 ಡಿಗ್ರಿಯಲ್ಲಿ 7 ಅಷ್ಟೇ. ನಮ್ಮ ತಗಡಿನ ಕೋಣೆ ಏಪ್ರಿಲ್‌ನಲ್ಲಿ ಎಷ್ಟು ಕಾಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ತೊಟ್ಟಿಯಲ್ಲಿ ಈಗ ಚಾಕ್‌ಪೀಸ್ ಡಬ್ಬಿ ಇವೆ.

ಸೂಕ್ಷ್ಮದರ್ಶಕ ಇದೆಯಲ್ಲ ಅಂತೀರಿ. ಇದೆ. ನಲವತ್ತು ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ನೋಡಿ "ಕಂಡಿತ್ರಿ ಸರ್" ಅನ್ನುತ್ತಾರೆ. ಅರ್ಧದಷ್ಟು ಜನ ನೋಡಿದ್ದು ತಮ್ಮದೇ ರೆಪ್ಪೆಗೂದಲು.

ಕೊನೆಗೆ ಕೈ ಹಿಡಿದದ್ದು ಸಿರಿಂಜ್ ಮತ್ತು ಲೇಸರ್. ಸೂಜಿ ತೆಗೆದ ಸಿರಿಂಜಿನ ತುದಿಯಲ್ಲಿ ಒಂದು ಹನಿ ಜೋತು ಬೀಳಬೇಕು. ಅದರ ಮೂಲಕ ಲೇಸರ್ ಬಿಟ್ಟರೆ ಹನಿಯೇ ಮಸೂರ. ಎರಡು ಮೀಟರ್ ದೂರದ ಗೋಡೆಯಲ್ಲಿ ಒಳಗಿನ ಜೀವಿಗಳ ನೆರಳು ಸುಮಾರು ಐನೂರು ಪಟ್ಟು ದೊಡ್ಡದಾಗಿ ಓಡಾಡುತ್ತದೆ. ಇಡೀ ತರಗತಿ ಒಟ್ಟಿಗೆ ನೋಡಬಹುದು. ಚಿತ್ರ ತಲೆಕೆಳಗು, ಅಂದರೆ ಕೆಳಗೆ ಇಳಿಯುವ ಹುಳ ಗೋಡೆಯಲ್ಲಿ ಮೇಲೇರುತ್ತದೆ. ಇದನ್ನು ನಾನು ಮೊದಲೇ ಹೇಳಲ್ಲ, ಮಕ್ಕಳೇ ಹಿಡಿಯುತ್ತಾರೆ.

ಇದೂ ಸುಮ್ನೆ ಬರಲಿಲ್ಲ. ಬಜಾರಿನ ಕೆಂಪು ಲೇಸರ್ ಮಂಕು. ಹಸಿರು ತಂದ ಮೇಲೆ ಸರಿಹೋಯಿತು, ಮುನ್ನೂರರ ಆಸುಪಾಸು. ಕಿಟಕಿಗೆ ಗೊಬ್ಬರದ ಚೀಲ ಕಟ್ಟಿ ಕತ್ತಲೆ ಮಾಡಿದೆವು. ನಲ್ಲಿ ನೀರಿನಲ್ಲಿ ಏನೂ ಕಾಣಲಿಲ್ಲ, ಮಕ್ಕಳು ಆಕಳಿಸಿದರು. ದನದ ತೊಟ್ಟಿಯ ಪಾಚಿ ಹಿಂಡಿದ ನೀರು ಹಾಕಿದ ಮೇಲೆ ತರಗತಿ ಕಿರುಚಾಡಿತು. ಪಕ್ಕದ ತರಗತಿಯ ಮೇಡಂ ಗಲಾಟೆ ಕೇಳಿ ಬಂದವರು ಅಲ್ಲೇ ಕೂತುಬಿಟ್ಟರು. ಹನಿ ಅಲುಗಾಡದೆ, ಬೇಗ ಉದುರದೆ ಹತ್ತು ನಿಮಿಷ ನಿಲ್ಲಬೇಕಲ್ಲ, ಅದಕ್ಕೊಂದು ಉಪಾಯ ಇದೆ. ಅದನ್ನು ಬರೆಯಲ್ಲ. ನಮ್ಮ ಶಾಲೆಗೆ ಬನ್ನಿ, ಚಹಾ ಕುಡಿಸಿ ತೋರಿಸುತ್ತೇನೆ.

ನಡುವೆ ಒಂದು ಚಟ ಅಂಟಿಕೊಂಡಿತು. ಜೋಳದ ಕಣಿಕೆ ತುಂಡುಮಾಡಿ ದನದ ತೊಟ್ಟಿ ನೀರಿನಲ್ಲಿ ನಾಲ್ಕೈದು ದಿನ ನೆನೆಹಾಕಿದರೆ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಗಳು ಮುತ್ತಿಕೊಳ್ಳುತ್ತವೆ. ವಾಸನೆ ಬರುತ್ತದೆ, ಬಿಸಿಯೂಟದ ಅಕ್ಕ ಬೈಯುತ್ತಾರೆ. ಆ ನೀರಿಗೆ ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಮತ್ತೆ ಹನಿ ತೋರಿಸಿದೆ. ಓಡಾಟ ನಿಂತುಹೋಗಿತ್ತು. "ಅದಕ್ಕೇ ಏನ್ರಿ ಪಂಚಾಯ್ತಿಯವ್ರು ಬಾವಿಗೆ ಹಾಕೋದು?" ಅಂದಳು ಹಿಂದಿನ ಬೆಂಚಿನ ಹುಡುಗಿ. ಇಡೀ ವರ್ಷ ಬಾಯಿ ಬಿಟ್ಟಿರದ ಹುಡುಗಿ ಅವಳು.

ಹನಿ ನೋಡಿದ ಮೇಲೆಯೇ ಬಕೆಟ್. 20 ಲೀಟರ್ ಭೂಮಿಯ ಎಲ್ಲಾ ನೀರು ಅಂದುಕೊಳ್ಳಿ. ಅದರಲ್ಲಿ ಸಿಹಿನೀರು ಅರ್ಧ ಲೀಟರ್. ಉಳಿದದ್ದು ಹೆಚ್ಚುಕಡಿಮೆ ಸಮುದ್ರ. ಲೀಟರಿಗೆ 35 ಗ್ರಾಂ ಉಪ್ಪು ಹಾಕಿ ನಾಲಿಗೆಗೆ ಮುಟ್ಟಿಸಿ, ಯಾರೂ ಮರೆಯಲ್ಲ. ಆ ಅರ್ಧ ಲೀಟರಿನಲ್ಲಿ ಸುಮಾರು 340 ಮಿಲಿ ಹಿಮ, 150 ಮಿಲಿ ನೆಲದೊಳಗೆ. ಕೆರೆ, ನದಿಗೆ ಸಿಗುವುದು ಇಪ್ಪತ್ತೈದು ಹನಿಯಷ್ಟು. ಗ್ಲೋಬಿನಿಂದ ಶುರು ಮಾಡಿದ್ದಾಗ ಈ ಮಾತಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಈಗ ಒಂದು ಹನಿಯಲ್ಲಿ ಎಷ್ಟು ಜೀವ ಇರುತ್ತದೆ ಅಂತ ನೋಡಿದ್ದಾರೆ. "ಇಷ್ಟೇ ಹನ್ಯಾಗ ಎಲ್ಲಾ ಮೀನ, ಕಪ್ಪಿ ಇರಬೇಕೇನ್ರಿ?" ಅಂತ ಜಗಳಕ್ಕೇ ಬಂದರು.

ನೆಲದೊಳಗಿನ 150 ಮಿಲಿಗೆ ನಮ್ಮಲ್ಲಿ ಮಾದರಿ ಮಾಡುವುದೇ ಬೇಡ. ಬೀದರ್ ಪಕ್ಕದ ನೌಬಾದಿನ ಸುರಂಗ ಬಾವಿಗೆ ಕರೆದುಕೊಂಡು ಹೋದರೆ ಆಯಿತು. ಬಹಮನಿ ಕಾಲದ್ದು. ಮಳೆ ನೀರು ಮೇಲಿನ ಕೆಂಪು ಕಲ್ಲಿನಲ್ಲಿ ಜಿನುಗಿ ಇಳಿದು, ಕೆಳಗಿನ ಕರಿಕಲ್ಲಿಗೆ ತಡೆದು ನಿಲ್ಲುತ್ತದೆ. ಅದನ್ನೇ ಸುರಂಗ ತೋಡಿ ಊರಿಗೆ ಹರಿಸಿದ್ದರು. ಟೆಂಪೊ ಬಾಡಿಗೆ ಹದಿನೈದು ನೂರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಅರ್ಧ ಕೊಟ್ಟರು.

ಸಮುದ್ರ ಮಾತ್ರ ನಮ್ಮ ಮಕ್ಕಳು ನೋಡಿಲ್ಲ. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ನಮ್ಮ ಮಾಂಜ್ರಾ ನದಿ ಹರಿಸಿದೆವು. ಕಂದಕುರ್ತಿಯಲ್ಲಿ ಅದು ಗೋದಾವರಿಗೆ ಸೇರುತ್ತದೆ, ಅಲ್ಲಿಂದ ಬಂಗಾಳ ಕೊಲ್ಲಿ. ಬಸವಕಲ್ಯಾಣದ ಕಡೆಯಿಂದ ಬಂದ ಹುಡುಗ ತನ್ನೂರ ಕಡೆಯ ಮುಲ್ಲಾಮಾರಿ ನದಿಯನ್ನೂ ಅದಕ್ಕೇ ಸೇರಿಸಲು ಹೊರಟ. ಅದು ಕಾಗಿಣಾ, ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಒಂದೇ ಜಿಲ್ಲೆಯ ನೀರು ಎರಡು ದಾರಿ ಹಿಡಿಯುವುದು ನಮ್ಮ ಶಿಕ್ಷಕರಲ್ಲೇ ಕೆಲವರಿಗೆ ಹೊಸದಾಗಿತ್ತು.

ಲೇಸರ್ ಕೊಳ್ಳುವವರು ಮಕ್ಕಳ ಕಣ್ಣಿನ ಸಲುವಾಗಿ ಒಂದು ನೋಡಿ. 5 ಮಿಲಿವಾಟಿಗಿಂತ ಜಾಸ್ತಿದು ಬೇಡ, ಅಂಗಡಿಯವನು ಎಷ್ಟು ಹೊಗಳಿದರೂ. ಅದನ್ನು ಮೇಜಿಗೆ ಬಿಗಿದು ಕಟ್ಟಿ. ಮಕ್ಕಳನ್ನು ಲೇಸರಿನ ಹಿಂದೆ ಕೂರಿಸಿ. ಅವರ ಕೈಗೆ ಕೊಡಬೇಡಿ. ಬ್ಯಾಟರಿ ಎರಡು ಜೊತೆ ಇಟ್ಟುಕೊಳ್ಳಿ.